ಲೈನ್ ಕ್ಲಿಯರ್ ಐತಾ?

ಗೆಳೆಯರೇ, ಮೊದಲು ಈ ಐದು ಮಾತು ಓದಿ. ಐದೂ ನಮ್ಮ ಕಡೆ ದಿನಾ ಕೇಳೋ ಥರದ ಮಾತುಗಳೇ.

ಕೂಡ್ಲಿಗಿ ಹೊಲದಲ್ಲಿ: “ಲೈನ್ ಹೋಗೈತಣ್ಣ, ಮೋಟ್ರು ನಿಂತೈತೆ.”

ಕೊಟ್ಟೂರು ಗುಡಿ ಮುಂದೆ: “ಲೈನಾಗೆ ಬರ್ರಿ, ನುಗ್ಗಬ್ಯಾಡ್ರಿ.”

ಹಗರಿಬೊಮ್ಮನಹಳ್ಳಿ ಬಸ್ ಸ್ಟ್ಯಾಂಡಿನಲ್ಲಿ: “ಆ ಲೈನಿಗೆ ಈಗ ಬಸ್ಸಿಲ್ಲಮ್ಮ, ಐದಕ್ಕೆ ಐತೆ.”

ಹಡಗಲಿ ಹೋಟೆಲಿನಲ್ಲಿ: “ನಮ್ಮ ಹುಡುಗ ಓದೋದು ಬಿಟ್ಟು ಬ್ಯಾರೆ ಲೈನ್ ಹಿಡಿದಾನ್ರಿ.”

ಹರಪನಹಳ್ಳಿಯಿಂದ ಫೋನಿನಲ್ಲಿ: “ಲೈನ್ ಕಟ್ಟಾತು ನೋಡಪ್ಪ, ತಿರುಗಿ ಮಾಡು.”

ಒಂದೇ ಶಬ್ದ. ಮೊದಲನೇದು ಕರೆಂಟು, ಎರಡನೇದು ಸರತಿ, ಮೂರನೇದು ದಾರಿ, ನಾಲ್ಕನೇದು ಕಸುಬು, ಐದನೇದು ಫೋನು. ಈ ಐದು ಮಾತು ಕೇಳಿದ ಯಾರೂ ಡಿಕ್ಷನರಿ ತೆಗೆದು ನೋಡಲ್ಲ. ಹೇಳಿದವರು ಯಾರು, ನಿಂತಿರೋ ಜಾಗ ಯಾವುದು ಅನ್ನೋದರ ಮೇಲೇ ಅರ್ಥ ಗೊತ್ತಾಗಿಬಿಡುತ್ತೆ. ಇಂಗ್ಲಿಷ್ ಬರಲ್ಲ ಅನ್ನೋ ನಮ್ಮ ಅಜ್ಜಿ ಕೂಡ ಈ ಪದವನ್ನ ಐದಾರು ಅರ್ಥದಲ್ಲಿ ಸಲೀಸಾಗಿ ಬಳಸ್ತಾರೆ.

ಈ ಪದ ಎಲ್ಲಿಂದ ಬಂತು, ಇಷ್ಟೊಂದು ಅರ್ಥ ಹೇಗೆ ಹೊತ್ತುಕೊಂಡಿತು, ನಮ್ಮ ಕ್ಲಾಸುಗಳಲ್ಲಿ ಏನೇನು ವೇಷ ಹಾಕುತ್ತೆ ಅಂತ ಈ ಲೇಖನದಲ್ಲಿ ನೋಡೋಣ. ಕೊನೆಗೆ ಒಂದು ಗಂಭೀರ ವಿಷಯಕ್ಕೂ ಬರಬೇಕು. ಈ ಪದದ ಅರ್ಥ ಸ್ವಲ್ಪ ಆಚೀಚೆ ಆದ್ರೆ ಮನುಷ್ಯನ ಜೀವವೇ ಹೋಗುವ ಒಂದು ಜಾಗ ಇದೆ. ನಾಳೆ ಇಂಜಿನಿಯರ್ ಆಗಿ ಹೋಗುವ ನಾವು ಅದನ್ನ ತಿಳಿದಿರಲೇಬೇಕು.

ಅಗಸೆ ಗಿಡದಿಂದ ಶುರು

ಜೋಳದ ರೊಟ್ಟಿ ಜೊತೆ ಅಗಸಿ ಹಿಂಡಿ ತಿಂದಿದ್ದೀರಲ್ವಾ? ಲೈನ್ ಅನ್ನೋ ಪದ ಹುಟ್ಟಿದ್ದು ಅದೇ ಅಗಸೆ ಗಿಡದಿಂದ! ಲ್ಯಾಟಿನ್ ಭಾಷೆಯಲ್ಲಿ ಅಗಸೆಗೆ ‘ಲೀನಮ್’ ಅಂತ ಹೆಸರು. ಸಸ್ಯಶಾಸ್ತ್ರದಲ್ಲಿ ಇವತ್ತಿಗೂ ಆ ಗಿಡದ ಹೆಸರು ಲೀನಮ್ ಉಸಿಟಾಟಿಸಿಮಮ್. ನಾವು ಬೀಜ ಹುರಿದು ಪುಡಿ ಮಾಡ್ತೀವಿ. ಯುರೋಪಿನವರು ಕಾಂಡದ ನಾರು ತೆಗೆದು ದಾರ ಹೊಸೀತಿದ್ರು, ಬಟ್ಟೆ ನೇಯ್ತಿದ್ರು. ಆ ನಾರಿನ ದಾರವೇ ಲ್ಯಾಟಿನ್ನಿನ ‘ಲೀನಿಯಾ’. ಅದೇ ಇಂಗ್ಲಿಷಿಗೆ ಬಂದು ‘ಲೈನ್’ ಆಯ್ತು. ಹಳೆ ಇಂಗ್ಲಿಷಿನಲ್ಲಿ ಇದಕ್ಕೆ ಹಗ್ಗ, ದಾರ ಅನ್ನೋ ಅರ್ಥವೇ ಇತ್ತು. ಆಮೇಲೆ ಫ್ರೆಂಚ್ ಕಡೆಯಿಂದ ಗೆರೆ, ಸಾಲು ಮೊದಲಾದ ಅರ್ಥಗಳು ಬಂದು ಸೇರಿಕೊಂಡವು.

ಇದರ ಸಂಬಂಧಿಕರನ್ನ ನೀವು ದಿನಾ ನೋಡ್ತೀರಿ. ಲಿನನ್ ಅಂಗಿ, ಬಡಗಿಯ ಹತ್ತಿರ ಇರೋ ಲಿನ್‌ಸೀಡ್ ಆಯಿಲ್, ಟೈಲರ್ ಬ್ಲೌಸಿಗೆ ಒಳಗಿನಿಂದ ಕೊಡೋ ಲೈನಿಂಗ್, ಎಲ್ಲಾ ಒಂದೇ ಮನೆತನದವು. ಲೈನಿಂಗ್‌ಗೆ ಆ ಹೆಸರು ಬಂದಿದ್ದು ಒಳಪದರಕ್ಕೆ ಲಿನನ್ ಬಟ್ಟೆ ಹಾಕ್ತಿದ್ದರಿಂದ.

ದಾರದಿಂದ ಗೆರೆ ಹೇಗಾಯ್ತು? ಮನೆ ಕಟ್ಟೋ ಜಾಗಕ್ಕೆ ಹೋಗಿ ನೋಡಿ. ಗೌಂಡಿ ಈ ತುದಿಗೊಂದು ಆ ತುದಿಗೊಂದು ಮೊಳೆ ಹೊಡೆದು, ನಡುವೆ ದಾರ ಬಿಗಿದು, ಆ ದಾರದ ಗುಂಟ ಇಟ್ಟಿಗೆ ಇಡ್ತಾನೆ. ಬಿಗಿದ ದಾರ ಅಂದ್ರೆ ನೇರ. ಪೆನ್ಸಿಲ್, ಸ್ಕೇಲ್ ಬರೋಕ್ಕಿಂತ ಮುಂಚೆ ಮನುಷ್ಯನಿಗೆ ಸಿಕ್ಕ ಅತ್ಯಂತ ನೇರವಾದ ವಸ್ತು ಅದೇ. ಹಾಗಾಗಿ ದಾರದ ಹೆಸರೇ ಗೆರೆಗೂ ಅಂಟಿಕೊಂಡಿತು.

ನಮ್ಮಲ್ಲೂ ಇಂಥದ್ದೇ ಒಂದು ಪ್ರಯಾಣ ನಡೆದಿದೆ. ‘ಸೂತ್ರ’ ಅಂದ್ರೆ ಮೂಲದಲ್ಲಿ ದಾರ. ಅದು ಬೆಳೆದು ನಿಯಮ ಆಯ್ತು, ಚಿಕ್ಕದಾಗಿ ಹೇಳುವ ಮಾತಾಯ್ತು, ಕೊನೆಗೆ ನಾವು ಪರೀಕ್ಷೆ ಹಿಂದಿನ ರಾತ್ರಿ ಬಾಯಿಪಾಠ ಮಾಡೋ ಫಾರ್ಮುಲಾ ಆಯ್ತು. ಇಂಗ್ಲಿಷಿನವರ ದಾರ ಗೆರೆಯಾದ್ರೆ ನಮ್ಮ ದಾರ ಗಣಿತವಾಯ್ತು. ಒಂದೇ ಶಬ್ದಕ್ಕೆ ಹಲವು ಅರ್ಥ ಇರೋದು ಇಂಗ್ಲಿಷಿಗೆ ಮಾತ್ರ ಇರೋ ಚಟ ಅಂದ್ಕೊಳ್ಳಬೇಡಿ. ನಮ್ಮ ಕಡೆ ‘ಅಗಸಿ’ ಅಂದ್ರೆ ಹಿಂಡಿ ಮಾಡೋ ಕಾಳೂ ಹೌದು, ಊರ ಹೆಬ್ಬಾಗಿಲೂ ಹೌದು. “ಅಗಸ್ಯಾಗೆ ಕುಂತಾನೆ” ಅಂದ್ರೆ ಯಾರೂ ಅವನನ್ನ ಹಿಂಡಿ ಡಬ್ಬಿಯಲ್ಲಿ ಹುಡುಕಲ್ಲ.

ದಾರ ಮಾಡುವ ಮೂರು ಕೆಲಸ

ಇಂಗ್ಲಿಷ್ ಡಿಕ್ಷನರಿಯಲ್ಲಿ ಲೈನ್‌ಗೆ ಹತ್ತಾರು ಅರ್ಥಗಳಿವೆ. ಎಲ್ಲಾ ನೆನಪಿಟ್ಟುಕೊಳ್ಳೋಕೆ ಆಗಲ್ಲ, ಬೇಕಾಗೂ ಇಲ್ಲ. ಎರಡು ಗೂಟಕ್ಕೆ ಒಂದು ದಾರ ಬಿಗಿದು ಕಟ್ಟಿ ನೋಡಿ. ಅದು ಮೂರು ಕೆಲಸ ಮಾಡುತ್ತೆ. ಈ ಗೂಟವನ್ನ ಆ ಗೂಟಕ್ಕೆ ಜೋಡಿಸುತ್ತೆ. ಅದರ ಗುಂಟ ವಸ್ತುಗಳನ್ನ ಒಂದರ ಹಿಂದೊಂದು ಇಡೋಕೆ ಬರುತ್ತೆ. ಆ ಕಡೆ, ಈ ಕಡೆ ಅಂತ ಜಾಗವನ್ನ ಎರಡು ಭಾಗ ಮಾಡುತ್ತೆ. ಜೋಡಿಸೋದು, ಸಾಲು ಮಾಡೋದು, ಬೇರೆ ಮಾಡೋದು. ಲೈನ್ ಪದದ ಹೆಚ್ಚುಕಡಿಮೆ ಎಲ್ಲಾ ಅರ್ಥಗಳೂ ಈ ಮೂರು ಗೂಡಲ್ಲಿ ಎಲ್ಲೋ ಒಂದು ಕಡೆ ಕೂರ್ತವೆ.

ಮೊದಲು ಜೋಡಿಸುವ ಲೈನ್. ಕರೆಂಟ್ ಲೈನ್, ಫೋನ್ ಲೈನ್, ಪೈಪ್‌ಲೈನ್, ಬಸ್ ಲೈನ್, ರೈಲ್ವೆ ಲೈನ್. ಒಂದು ಕಡೆಯಿಂದ ಇನ್ನೊಂದು ಕಡೆಗೆ ಏನೋ ಹರಿಯುತ್ತೆ: ವಿದ್ಯುತ್ತು, ಮಾತು, ನೀರು, ಜನ. ನಮ್ಮ ಐದು ಊರುಗಳನ್ನೇ ತಗೊಳ್ಳಿ. ಬ್ರಿಟಿಷರ ಕಾಲದಲ್ಲಿ ಹೊಸಪೇಟೆಯಿಂದ ಹಗರಿಬೊಮ್ಮನಹಳ್ಳಿ ಮೇಲೆ ಕೊಟ್ಟೂರಿನ ತನಕ ಮೀಟರ್ ಗೇಜ್ ರೈಲ್ವೆ ಲೈನ್ ಬಂತು. ಅಲ್ಲಿಗೇ ನಿಂತುಬಿಡ್ತು. ಎಷ್ಟೋ ದಶಕಗಳ ಮೇಲೆ ಬ್ರಾಡ್ ಗೇಜ್ ಆಗಿ, ಕೊಟ್ಟೂರಿನಿಂದ ಹರಪನಹಳ್ಳಿ ದಾಟಿ ಹರಿಹರಕ್ಕೆ ಮುಟ್ಟಿತು. ಕೂಡ್ಲಿಗಿಗೂ ಹಡಗಲಿಗೂ ಇವತ್ತಿಗೂ ರೈಲಿಲ್ಲ. ಅಲ್ಲಿಯವರು “ನಮ್ಗೂ ಲೈನ್ ಬೇಕು” ಅಂದ್ರೆ ಅದು ಹಳಿಗಾಗಿ ಕೇಳೋ ಮಾತೂ ಆಗಿರಬಹುದು.

ಎರಡನೇದು ಸಾಲು ಮಾಡುವ ಲೈನ್. ಕೊಟ್ಟೂರೇಶ್ವರನ ದರ್ಶನಕ್ಕೆ ನಿಲ್ಲೋ ಲೈನ್, ರೇಷನ್ ಅಂಗಡಿ ಲೈನ್, ಪುಸ್ತಕದ ಲೈನ್. ಮಲೆನಾಡಿನ ಕಾಫಿ ತೋಟಗಳಲ್ಲಿ ಇರೋ ‘ಲೈನ್ ಮನೆ’ ಕೂಡ ಇದೇ ಗೂಡಿಗೆ ಸೇರಿದ್ದು. ಉದ್ದಕ್ಕೆ ಒಂದಕ್ಕೊಂದು ಅಂಟಿಸಿ ಕಟ್ಟಿದ ಕೂಲಿಕಾರರ ಮನೆಗಳಿಗೆ ಆ ಹೆಸರು. ಹರಪನಹಳ್ಳಿ, ಹಡಗಲಿ, ಕೂಡ್ಲಿಗಿ ಕಡೆಯ ತಾಂಡಾಗಳಿಂದ ಗುಳೆ ಹೋಗುವ ಎಷ್ಟೋ ಕುಟುಂಬಗಳಿಗೆ ‘ಲೈನ್’ ಅಂದ್ರೆ ಚಿಕ್ಕಮಗಳೂರಿನ ಅಥವಾ ಕೊಡಗಿನ ಆ ಒಂದು ರೂಮು. ವರ್ಷದಲ್ಲಿ ಕೆಲವು ತಿಂಗಳು ಅವರ ವಿಳಾಸವೇ ಅದು. “ಲೈನಿನಾಗ ಅದೀವಿ” ಅಂತ ಊರಿಗೆ ಫೋನು ಮಾಡಿ ಹೇಳಿದ್ರೆ ಅವರು ಕ್ಯೂನಲ್ಲಿ ನಿಂತಿದ್ದಾರೆ ಅಂತ ಅರ್ಥ ಅಲ್ಲ.

“ನಿಮ್ದು ಯಾವ ಲೈನ್?” ಅಂತ ಕೇಳೋದೂ ಇಲ್ಲಿಂದಲೇ ಬೆಳೆದದ್ದು ಅನ್ನಬಹುದು. ಒಂದು ಕಸುಬು ಹಿಡಿದ್ರೆ ಅದರ ಗುಂಟ ಹೋಗಬೇಕಲ್ಲ! ಲಾರಿ ಲೈನ್, ಹೋಟೆಲ್ ಲೈನ್, ಈಗ ಸಾಫ್ಟ್‌ವೇರ್ ಲೈನ್.

ಮೂರನೇದು ಬೇರೆ ಮಾಡುವ ಲೈನ್. ಲಕ್ಷ್ಮಣ ರೇಖೆ ನಮಗೆ ಚೆನ್ನಾಗಿ ಗೊತ್ತಿರೋ ಉದಾಹರಣೆ. ನಿಮ್ಮ ಮನೆಯ ಬಿಪಿಎಲ್ ಕಾರ್ಡಿನಲ್ಲಿರೋ ‘ಎಲ್’ ಏನು ಗೊತ್ತಾ? ಅದೂ ಲೈನೇ. ಬಡತನದ ರೇಖೆಯ ಕೆಳಗೆ ಅಂತ. ಸರ್ಕಾರ ಎಳೆದ ಆ ಗೆರೆಯ ಈ ಕಡೆ ಇದ್ರೆ ಅಕ್ಕಿ ಸಿಗುತ್ತೆ, ಆ ಕಡೆ ಹೋದ್ರೆ ಇಲ್ಲ.

ಮ್ಯಾಪಿನ ಮೇಲಿನ ಗಡಿಗೂ ಇಂಗ್ಲಿಷಿನಲ್ಲಿ ಲೈನ್ ಅಂತಾರೆ. ರ‍್ಯಾಡ್‌ಕ್ಲಿಫ್ ಲೈನ್ ಕೇಳಿರ್ತೀರಿ. ಆದ್ರೆ ಮ್ಯಾಪಿನ ಗೆರೆ ಏನು ಮಾಡುತ್ತೆ ಅಂತ ತಿಳೀಬೇಕಾದ್ರೆ ಹರಪನಹಳ್ಳಿಯನ್ನ ನೋಡಿ. ಮೊದಲು ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆ. 1953ರಲ್ಲಿ ಆಂಧ್ರ ಬೇರೆಯಾದಾಗ ಮೈಸೂರು ರಾಜ್ಯಕ್ಕೆ ಬಂತು. 1997ರಲ್ಲಿ ಬಳ್ಳಾರಿ ಬಿಟ್ಟು ಹೊಸ ದಾವಣಗೆರೆ ಜಿಲ್ಲೆಗೆ ಹೋಯ್ತು. ಆಮೇಲೆ ಸಂವಿಧಾನದ 371(ಜೆ) ವಿಧಿ ಬಂದಾಗ ಬಳ್ಳಾರಿ ಜಿಲ್ಲೆ ಅದರೊಳಗೆ ಸೇರಿತು, ದಾವಣಗೆರೆ ಹೊರಗೆ ಉಳಿಯಿತು. ಪಕ್ಕದ ಕೂಡ್ಲಿಗಿ, ಹಡಗಲಿ ಹುಡುಗರಿಗೆ ಸಿಕ್ಕ ಮೀಸಲಾತಿ ಹರಪನಹಳ್ಳಿಯವರಿಗೆ ಸಿಗಲಿಲ್ಲ. ಹೋರಾಟ ನಡೆದು 2018ರಲ್ಲಿ ತಾಲೂಕನ್ನ ಮತ್ತೆ ಬಳ್ಳಾರಿಗೆ ಸೇರಿಸುವ ತೀರ್ಮಾನವಾಯ್ತು. 2021ರಲ್ಲಿ ವಿಜಯನಗರ ಜಿಲ್ಲೆ ಹುಟ್ಟಿದಾಗ ಐದೂ ತಾಲೂಕು ಒಂದೇ ಗೆರೆಯೊಳಗೆ ಬಂದವು. ಆ ಭಾಗದ ಕಾಲೇಜುಗಳಲ್ಲಿ ಶೇ. 70, ರಾಜ್ಯದ ಉಳಿದ ಕಡೆ ಶೇ. 8 ಸೀಟುಗಳು 371(ಜೆ) ವ್ಯಾಪ್ತಿಯವರಿಗೆ ಮೀಸಲು. ಇದನ್ನ ಓದ್ತಿರೋರಲ್ಲಿ ಕೆಲವರು ಇದೇ ಕ್ಯಾಂಪಸ್ಸಿಗೆ ಬಂದಿರೋದು ಆ ಗೆರೆಯ ದೆಸೆಯಿಂದ. ಮ್ಯಾಪಿನಲ್ಲಿ ಅದು ಕೂದಲೆಳೆಯಷ್ಟು ತೆಳು. ಸಿಇಟಿ ಫಾರ್ಮಿನಲ್ಲಿ ಮಾತ್ರ ತುಂಬಾ ದಪ್ಪ!

ಬೇರೆ ಮಾಡುವ ಲೈನಿನಲ್ಲಿ ನಮಗೆಲ್ಲ ಪ್ರಿಯವಾದದ್ದು ಇನ್ನೊಂದಿದೆ, ಡೆಡ್‌ಲೈನ್. ಅಸೈನ್‌ಮೆಂಟ್ ಕೊಡೋ ಕೊನೆ ದಿನಕ್ಕೆ ಇಂಥ ಭಯಂಕರ ಹೆಸರು ಯಾಕೆ? ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ, 1864ರ ಹೊತ್ತಿಗೆ, ಆಂಡರ್ಸನ್‌ವಿಲ್ ಅನ್ನೋ ಸೆರೆಶಿಬಿರದಲ್ಲಿ ಬೇಲಿಯ ಒಳಗೆ ಒಂದು ಗೆರೆ ಗುರುತು ಮಾಡಿದ್ರು. ಕೈದಿ ಅದನ್ನ ದಾಟಿದ್ರೆ ಕಾವಲುಗಾರ ಗುಂಡು ಹೊಡೀಬಹುದಿತ್ತು. ಅದರ ಹೆಸರು ಡೆಡ್‌ಲೈನ್. ನಮ್ಮ ಲೆಕ್ಚರರ್‌ಗಳು ಇಂಟರ್ನಲ್ ಮಾರ್ಕ್ಸಿಗೆ ಮಾತ್ರ ಗುಂಡು ಹೊಡೀತಾರೆ, ಪುಣ್ಯ.

ಇನ್ನು ‘ಲೈನ್ ಹೊಡೆಯೋದು’. ಇದನ್ನ ಬಿಟ್ಟರೆ ನೀವು ನನ್ನ ಬಿಡಲ್ಲ. ಈ ಅರ್ಥದಲ್ಲಿ ‘ಲೈನ್ ಹೊಡಿ’ ಅಂತ ಇಂಗ್ಲಿಷಿನವರು ಅನ್ನಲ್ಲ. ಇದು ನಮ್ಮ ದೇಶದ ತಯಾರಿ, ಹಿಂದಿಯಲ್ಲೂ ಇದೆ. ಜೋಡಿಸುವ ಗೂಡಿಗೆ ಸೇರಿದ್ದು ಅಂದ್ಕೊಳ್ಳೋಣ. ಆದ್ರೆ ದಾರಕ್ಕೆ ಎರಡು ತುದಿ ಇರಬೇಕು. ಆ ತುದಿಯವರು ಹಿಡಿದುಕೊಳ್ಳಲಿಲ್ಲ, ಬೇಡ ಅಂದ್ರು ಅಂದ್ರೆ ಅಲ್ಲಿಗೆ ಮುಗೀತು. ಆಮೇಲೂ ಮುಂದುವರಿಸಿದ್ರೆ ಅದು ಮೂರನೇ ಗೂಡಿನ ಲೈನ್, ದಾಟಬಾರದ ಗೆರೆ.

ಕ್ಲಾಸ್‌ರೂಮಿನ ಲೈನ್

ಕನ್ನಡ ಮೀಡಿಯಮ್ಮಿನಿಂದ ಬಂದ ಹುಡುಗ ಹುಡುಗಿಯರು ಮೊದಲ ಸೆಮಿಸ್ಟರಿನಲ್ಲಿ ತಬ್ಬಿಬ್ಬಾಗೋದು ಇಲ್ಲೇ. ಒಂದೇ ದಿನ ನಾಲ್ಕು ಪೀರಿಯಡ್ಡಿನಲ್ಲಿ ನಾಲ್ಕು ಥರದ ಲೈನ್ ಬರುತ್ತೆ.

ಗಣಿತದಲ್ಲಿ ಲೈನ್ ಅಂದ್ರೆ ಎರಡೂ ಕಡೆ ಕೊನೆಯೇ ಇಲ್ಲದ್ದು. ಕೊನೆ ಇದ್ರೆ ಅದು ರೇಖಾಖಂಡ. ನೇರವಾಗಿಯೇ ಇರಬೇಕು ಅಂತ ಹೇಳಿಕೊಟ್ಟ ಅದೇ ಗಣಿತದವರು ಮುಂದೆ ‘ಲೈನ್ ಇಂಟಿಗ್ರಲ್’ ಅಂತ ತಂದು, ಡೊಂಕು ದಾರಿಯ ಮೇಲೂ ನಮ್ಮನ್ನ ಓಡಿಸ್ತಾರೆ. ಫಿಸಿಕ್ಸಿನ ಫೀಲ್ಡ್ ಲೈನ್ ಕಣ್ಣಿಗೆ ಕಾಣಲ್ಲ, ಮುಟ್ಟೋಕೆ ಸಿಗಲ್ಲ. ಅದು ನಾವು ಅರ್ಥ ಮಾಡ್ಕೊಳ್ಳೋಕೆ ಎಳ್ಕೊಂಡ ಗೆರೆ.

ಸಿವಿಲ್‌ನವರಿಗೆ ಸೆಂಟರ್ ಲೈನ್ ತಪ್ಪಿದ್ರೆ ಇಡೀ ಪಾಯ ತಪ್ಪುತ್ತೆ. ಸರ್ವೇಯಲ್ಲಿ ಅವರು ನೋಡೋ ಲೈನ್ ಆಫ್ ಸೈಟ್ ಬರೀ ದೃಷ್ಟಿಯ ದಾರಿ. ಮೆಕ್ಯಾನಿಕಲ್‌ನವರ ಅಸೆಂಬ್ಲಿ ಲೈನಿನಲ್ಲಿ ಕೆಲಸಗಳು ಸಾಲಾಗಿ ನಿಂತಿರ್ತವೆ. ಕಂಪ್ಯೂಟರ್ ಸೈನ್ಸಿನವರಿಗೆ ಕೋಡಿನ ಒಂದು ಸಾಲೂ ಲೈನ್, ಕಮ್ಯಾಂಡ್ ಟೈಪ್ ಮಾಡೋ ಜಾಗವೂ ಲೈನ್, ಮೆಮೊರಿಯಿಂದ ಒಂದೇ ಸಲಕ್ಕೆ ಎತ್ತಿಕೊಂಡು ಬರೋ ತುಂಡೂ ಲೈನ್. ಆ ತುಂಡು ಸಾಮಾನ್ಯವಾಗಿ 64 ಬೈಟ್ ಇರುತ್ತೆ, ಹೆಸರು ಕ್ಯಾಶ್ ಲೈನ್.

ಎಲೆಕ್ಟ್ರಿಕಲ್‌ಗೆ ಬಂದ್ರೆ ಇನ್ನೊಂದು ತೊಡಕು. ಎರಡು ಫೇಸ್ ತಂತಿಗಳ ನಡುವೆ ಅಳೆದದ್ದು ಲೈನ್ ವೋಲ್ಟೇಜ್. ಒಂದು ಫೇಸಿಗೂ ನ್ಯೂಟ್ರಲ್ಲಿಗೂ ನಡುವೆ ಅಳೆದದ್ದು ಫೇಸ್ ವೋಲ್ಟೇಜ್. ಮನೆಯ ಪ್ಲಗ್ಗಿನಲ್ಲಿ ಸಿಗೋದು 230 ವೋಲ್ಟ್. ಅದನ್ನ 3ರ ವರ್ಗಮೂಲ 1.732ರಿಂದ ಗುಣಿಸಿ, 400ರ ಹತ್ತಿರ ಬರುತ್ತೆ. ಹೊಲದ ಮೋಟ್ರಿಗೆ ಬರೋ ತ್ರೀ ಫೇಸಿನ ಲೈನ್ ವೋಲ್ಟೇಜ್ ಅದೇ. ಎಲೆಕ್ಟ್ರಾನಿಕ್ಸ್‌ನವರಿಗೆ ಟ್ರಾನ್ಸ್‌ಮಿಷನ್ ಲೈನ್ ಅಂದ್ರೆ ಗೋಪುರಗಳ ಮೇಲಿನ ತಂತಿ ಮಾತ್ರ ಅಲ್ಲ, ಸರ್ಕ್ಯೂಟ್ ಬೋರ್ಡಿನ ಮೇಲಿನ ಒಂದಿಂಚು ತಾಮ್ರವೂ ಆಗಬಹುದು. ಫ್ರೀಕ್ವೆನ್ಸಿ ಹೆಚ್ಚಿದಾಗ ಆ ಚಿಕ್ಕ ತಾಮ್ರವನ್ನೂ ‘ಸುಮ್ನೆ ತಂತಿ’ ಅಂತ ಬಿಡೋಕಾಗಲ್ಲ.

ಹಾಗಾಗಿ ಜೂನಿಯರ್‌ಗಳಿಗೆ ಒಂದು ಮಾತು. ಕ್ಲಾಸಿನಲ್ಲಿ ಲೈನ್ ಅಂದಾಗ ತಲೆಗೆ ಹೋಗಲಿಲ್ಲ ಅಂದ್ರೆ ನಿಮ್ಮ ಇಂಗ್ಲಿಷ್ ವೀಕ್ ಅಂತ ಅಳುಕಬೇಡಿ. ಬೆಂಗಳೂರಿನ ಕಾನ್ವೆಂಟಿನಿಂದ ಬಂದವರಿಗೂ ಕ್ಯಾಶ್ ಲೈನ್ ಮೊದಲ ದಿನ ಹೊಸದೇ. “ಸಾರ್, ಇಲ್ಲಿ ಲೈನ್ ಅಂದ್ರೆ ಯಾವುದು?” ಅಂತ ಕೈ ಎತ್ತಿ ಕೇಳಿ. ಈ ಪ್ರಶ್ನೆ ಕೇಳೋ ಅಭ್ಯಾಸ ಮುಂದೆ ಫೀಲ್ಡಿನಲ್ಲಿ ಎಷ್ಟು ದೊಡ್ಡದು ಅಂತ ಈಗ ನೋಡೋಣ.

ಲೈನ್ ಕ್ಲಿಯರ್: ಎರಡು ಇಲಾಖೆ, ಎರಡು ಅರ್ಥ

ಬೀದಿಯಲ್ಲಿ ‘ಲೈನ್ ಕ್ಲಿಯರ್’ ಅಂದ್ರೆ ಅಡ್ಡಿ ಏನೂ ಇಲ್ಲ, ಮುಂದೆ ಹೋಗು ಅಂತ. ಹಾಸ್ಟೆಲ್ ಗೇಟಿನಲ್ಲಿ ವಾರ್ಡನ್ ಇಲ್ಲ ಅಂದ್ರೂ ಲೈನ್ ಕ್ಲಿಯರ್, ಮದುವೆಗೆ ಹುಡುಗಿ ಮನೆಯವರು ಒಪ್ಪಿದ್ರೂ ಲೈನ್ ಕ್ಲಿಯರ್.

ಈ ಮಾತು ರೈಲ್ವೆಯಲ್ಲಿ ಕಟ್ಟುನಿಟ್ಟಾದ ಪರಿಭಾಷೆ. ಒಂಟಿ ಹಳಿಯ ಮಾರ್ಗದಲ್ಲಿ ಹಗರಿಬೊಮ್ಮನಹಳ್ಳಿ ಕಡೆಯಿಂದ ಕೊಟ್ಟೂರು ಕಡೆಗೆ ರೈಲು ಹೊರಡಬೇಕು ಅಂದ್ಕೊಳ್ಳಿ. ಇಲ್ಲಿಯ ಸ್ಟೇಷನ್ ಮಾಸ್ಟರ್ ತಾನಾಗೇ ರೈಲು ಬಿಡೋ ಹಾಗಿಲ್ಲ. ಮುಂದಿನ ಸ್ಟೇಷನ್ನಿನವರನ್ನ ಕೇಳಬೇಕು. ಹಿಂದಿನ ರೈಲು ಪೂರ್ತಿ ಬಂದು ಸೇರಿದೆ, ಎದುರಿಂದ ಯಾವುದೂ ಹೊರಟಿಲ್ಲ, ಹಳಿ ಖಾಲಿ ಇದೆ ಅಂತ ಅವರು ಖಾತ್ರಿ ಮಾಡಿಕೊಂಡು ‘ಲೈನ್ ಕ್ಲಿಯರ್’ ಕೊಡಬೇಕು. ಎರಡು ಸ್ಟೇಷನ್ ನಡುವಿನ ಆ ತುಂಡಿನಲ್ಲಿ ಒಂದು ಹೊತ್ತಿಗೆ ಒಂದೇ ರೈಲು. ಹಳೇ ಕಾಲದಲ್ಲಿ ಇದರ ಗುರುತಾಗಿ ಡ್ರೈವರ್ ಕೈಗೆ ಟೋಕನ್ ಕೊಡ್ತಿದ್ರು. ಅದು ಕೈಯಲ್ಲಿ ಇಲ್ಲ ಅಂದ್ರೆ ಗಾಡಿ ಅಲ್ಲಾಡಂಗಿಲ್ಲ. ಅಂದ್ರೆ ರೈಲ್ವೆಯಲ್ಲಿ ಲೈನ್ ಕ್ಲಿಯರ್ ಸಿಕ್ಕಿತು ಅಂದ್ರೆ, ಈಗ ಆ ಲೈನಿನ ಮೇಲೆ ಗಾಡಿ ಬರುತ್ತೆ.

ಈಗ ವಿದ್ಯುತ್ ಇಲಾಖೆಗೆ ಬನ್ನಿ. ಅಲ್ಲೂ ಇದೇ ಮಾತು. ಚಿಕ್ಕದಾಗಿ ‘ಎಲ್‌ಸಿ’ ಅಂತಾರೆ. ಲೈನ್‌ಮನ್ ಕಂಬ ಹತ್ತಬೇಕಾದ್ರೆ ಮೊದಲು ಸಬ್‌ಸ್ಟೇಷನ್ನಿನಿಂದ ಎಲ್‌ಸಿ ತಗೋಬೇಕು. ಇಲ್ಲಿ ಲೈನ್ ಕ್ಲಿಯರ್ ಅಂದ್ರೆ, ಈಗ ಆ ಲೈನಿನ ಮೇಲೆ ಏನೂ ಬರಲ್ಲ! ರೈಲ್ವೆಯವರದು ಹರಿಯೋಕೆ ಕೊಟ್ಟ ಅಪ್ಪಣೆ, ವಿದ್ಯುತ್ತಿನವರದು ಹರಿವು ನಿಲ್ಲಿಸಿದ ಭರವಸೆ. ಎರಡು ಕಡೆಯೂ ಅದೇ ಎರಡು ಪದ, ಅರ್ಥ ಪೂರ್ತಿ ತಿರುವುಮುರುವು.

ಎಲ್‌ಸಿ ಹೇಗೆ ನಡೆಯಬೇಕು ಅಂತ ಗೊತ್ತಿದ್ರೆ ಅದರ ಬೆಲೆ ತಿಳಿಯುತ್ತೆ. ಲೈನ್‌ಮನ್ ಯಾವ ಫೀಡರ್, ಯಾವ ಜಾಗ ಅಂತ ಹೆಸರು ಹಿಡಿದು ಕೇಳ್ತಾನೆ. ಸಬ್‌ಸ್ಟೇಷನ್ ಆಪರೇಟರ್ ಆ ಫೀಡರಿನ ಬ್ರೇಕರ್ ತೆಗೆದು, ಐಸೊಲೇಟರನ್ನೂ ಬಿಚ್ಚಿ, ಬೇರೆ ಯಾರೂ ಹಾಕದ ಹಾಗೆ ಬೋರ್ಡ್ ನೇತುಹಾಕ್ತಾನೆ. ಎಲ್‌ಸಿಗೆ ನಂಬರ್, ಟೈಮು, ಕೊಟ್ಟವರು, ತಗೊಂಡವರು ಎಲ್ಲಾ ರಿಜಿಸ್ಟರಿಗೆ ಏರುತ್ತೆ. ಇಷ್ಟಾದ್ರೂ ಲೈನ್‌ಮನ್ ತಂತಿ ಮುಟ್ಟಬಾರದು. ಕರೆಂಟ್ ಇಲ್ಲ ಅಂತ ತಾನೇ ಪರೀಕ್ಷೆ ಮಾಡಬೇಕು. ಆಮೇಲೆ ಕೆಲಸದ ಜಾಗದ ಎರಡೂ ಕಡೆ ತಂತಿಗಳನ್ನ ಒಂದಕ್ಕೊಂದು ಸೇರಿಸಿ ಅರ್ಥ್ ಮಾಡಬೇಕು. ಕೆಲಸ ಮುಗಿದು, ಎಲ್ಲರೂ ಕಂಬದಿಂದ ಇಳಿದು, ಅರ್ಥ್ ಬಿಚ್ಚಿದ ಮೇಲೆ, ತಗೊಂಡವನೇ ಅದೇ ನಂಬರ್ ಹೇಳಿ ಎಲ್‌ಸಿ ವಾಪಸ್ ಕೊಡಬೇಕು. ಆಗ ಮಾತ್ರ ಕರೆಂಟ್ ಬಿಡಬೇಕು.

ಸಬ್‌ಸ್ಟೇಷನ್ನಿನಲ್ಲಿ ತೆಗೆದ ಮೇಲೂ ಅರ್ಥ್ ಯಾಕೆ ಅಂತ ಕೇಳಬಹುದು. ಒಂದೇ ಕಂಬದ ಮೇಲೆ ಎರಡು ಬೇರೆ ಫೀಡರಿನ ತಂತಿಗಳು ಇರಬಹುದು, ಒಂದನ್ನ ತೆಗೆದಾಗ ಇನ್ನೊಂದು ಜೀವಂತ ಇರುತ್ತೆ. ಯಾರದೋ ಮದುವೆ ಮನೆಯಲ್ಲಿ ಚೇಂಜ್‌ಓವರ್ ಸ್ವಿಚ್ ಇಲ್ಲದೆ ಜನರೇಟರ್ ಹಾಕಿದ್ರೆ, ಆ 230 ವೋಲ್ಟ್ ಊರ ಟ್ರಾನ್ಸ್‌ಫಾರ್ಮರಿಗೆ ಹಿಂದಿನಿಂದ ಹೋಗಿ, ಆ ಕಡೆ 11,000 ವೋಲ್ಟಿನ ಮಟ್ಟಕ್ಕೆ ಏರಿ ಬರಬಹುದು. ಟ್ರಾನ್ಸ್‌ಫಾರ್ಮರಿಗೆ ಯಾವ ಕಡೆಯಿಂದ ಬಂತು ಅನ್ನೋ ಭೇದ ಇಲ್ಲ. ಇದು ನಾವು ಎರಡನೇ ವರ್ಷದಲ್ಲಿ ಓದೋ ಪಾಠವೇ. ಕಂಬದ ಮೇಲಿರೋ ಮನುಷ್ಯನಿಗೆ ಮಾತ್ರ ಅದು ಪಾಠ ಕಲಿಯೋ ಅವಕಾಶ ಕೊಡಲ್ಲ.

ಈಗ ಫೋನಿನಲ್ಲಿ ನಡೆಯೋ ಮಾತನ್ನ ಊಹಿಸಿಕೊಳ್ಳಿ. “ಅಣ್ಣ, ಲೈನ್ ಕ್ಲಿಯರ್ ಐತಾ?” “ಹ್ಞೂಂ, ಕ್ಲಿಯರ್ ಐತೆ.” ಯಾವ ಲೈನ್? ತೆಗೆದಿದ್ದೀನಿ ಅಂತಲೋ, ನೀನು ಕೆಲಸ ಮುಗಿಸಿದ್ದೀಯ ಅಂದ್ಕೊಂಡು ಹಾಕ್ತೀನಿ ಅಂತಲೋ? ಕೇಳೋನ ತಲೆಯಲ್ಲಿ ಒಂದು ಫೀಡರ್, ಹೇಳೋನ ತಲೆಯಲ್ಲಿ ಇನ್ನೊಂದು ಇದ್ರೆ? ಬಸ್ ಸ್ಟ್ಯಾಂಡಿನಲ್ಲಿ ಈ ಗೊಂದಲ ಆದ್ರೆ ಒಂದು ಬಸ್ ತಪ್ಪುತ್ತೆ ಅಷ್ಟೇ. ಇಲ್ಲಿ ಒಂದು ಮನೆಯ ಆಧಾರವೇ ತಪ್ಪುತ್ತೆ. ಅದಕ್ಕೇ ಫೀಡರ್ ಹೆಸರು, ನಂಬರ್, ಟೈಮು ಅಂತ ಅಷ್ಟೆಲ್ಲ ಕಟ್ಟುಪಾಡು. ಅದನ್ನ ‘ಕಾಗದದ ಕಿರಿಕಿರಿ’ ಅನ್ನೋ ಇಂಜಿನಿಯರ್ ಆಗೋದು ಬೇಡ.

“ಲೈನ್ ಹೋಗೈತೆ” ಅಂದ್ರೆ ಏನು?

ಇದು ಎಲೆಕ್ಟ್ರಿಕಲ್‌ನವರಿಗೆ ಮಾತ್ರ ಸೇರಿದ ವಿಷಯ ಅಂದ್ಕೊಳ್ಳಬೇಡಿ. ನಮ್ಮೂರಲ್ಲಿ “ಲೈನ್ ಹೋಗೈತೆ” ಅನ್ನೋ ಮಾತಿಗೆ ಕರೆಂಟ್ ಹೋಗಿದೆ ಅಂತ ಅರ್ಥ. ಗಾಳಿ ಮಳೆ ಆದ ದಿನ ತಂತಿ ಹರಿದು ಬಿದ್ದಾಗಲೂ ಅದೇ ಮಾತು ಬರುತ್ತೆ. ಎರಡಕ್ಕೂ ಅಜಗಜಾಂತರ.

ಕರೆಂಟ್ ಹೋಗಿದ್ರೆ ಕಾಯಬಹುದು. ತಂತಿ ಬಿದ್ದಿದ್ರೆ, ಮನೆಯಲ್ಲಿ ದೀಪ ಇಲ್ಲ ಅಂದ ಮಾತ್ರಕ್ಕೆ ಅದು ಸತ್ತಿದೆ ಅಂತ ನಂಬಬಾರದು. ಸಬ್‌ಸ್ಟೇಷನ್ನಿನ ರಿಲೇ ಕೆಲಸ ಮಾಡೋದು ಹೆಚ್ಚು ಕರೆಂಟ್ ಹರಿದಾಗ. ನಮ್ಮ ಸೀಮೆಯ ಒಣ ನೆಲದ ಮೇಲೆ, ಕಲ್ಲಿನ ಮೇಲೆ ತಂತಿ ಬಿದ್ರೆ ನೆಲದ ರೆಸಿಸ್ಟೆನ್ಸ್ ಜಾಸ್ತಿ, ಹರಿಯೋ ಕರೆಂಟ್ ಕಡಿಮೆ. ರಿಲೇ ಅದನ್ನ ಎರಡು ಮೋಟ್ರು ಓಡ್ತಿರೋ ಲೋಡ್ ಅಂದ್ಕೊಂಡು ಸುಮ್ಮನಿರಬಹುದು. ತಂತಿ ನೆಲದ ಮೇಲೆ ಮಲಗಿಕೊಂಡೇ ಜೀವಂತ ಇರುತ್ತೆ. ಬೆಳಗಿನ ಜಾವ ಹೊಲಕ್ಕೆ ಹೋಗೋ ರೈತ, ದನ ಹೊಡ್ಕೊಂಡು ಹೋಗೋ ಹುಡುಗ ಅದನ್ನ ಮೆಟ್ಟೋದು ಹೀಗೇ.

ಊರಿಗೆ ಹೋದಾಗ ಮನೆಯವರಿಗೆ ಇಷ್ಟು ಹೇಳಿ. ತಂತಿ ಬಿದ್ದಿದ್ರೆ 1912ಕ್ಕೆ ಫೋನ್ ಮಾಡಿ “ಲೈನ್ ಹೋಗೈತೆ” ಅನ್ನಬೇಡಿ. “ತಂತಿ ಹರಿದು ನೆಲಕ್ಕೆ ಬಿದ್ದೈತೆ, ಇಂಥ ಊರು, ಇಂಥವರ ಹೊಲ, ಇಂಥ ಟಿಸಿ ಹತ್ರ” ಅನ್ನಿ. (ಟಿಸಿ ಅಂದ್ರೆ ಇಲ್ಲಿ ಟ್ರಾನ್ಸ್‌ಫಾರ್ಮರ್. ಕಾಲೇಜ್ ಆಫೀಸಿನಲ್ಲಿ ಕೊಡೋ ಟಿಸಿ ಬೇರೆ. ನೋಡಿ, ಇನ್ನೊಂದು ಪದ!) ಅಲ್ಲಿಯವರೆಗೂ ಯಾರನ್ನೂ, ದನಕರುಗಳನ್ನೂ ಹತ್ತಿರ ಬಿಡಬೇಡಿ. ಒಣ ಕೋಲಿನಿಂದ ಸರಿಸ್ತೀನಿ ಅಂತ ಧೈರ್ಯ ಮಾಡಬೇಡಿ. 11 ಕೆವಿ ಮುಂದೆ ಆ ಕೋಲನ್ನ ನಂಬೋಕಾಗಲ್ಲ. ಹತ್ತಿರ ಸಿಕ್ಕಿಕೊಂಡಿದ್ರೆ ಓಡದೆ, ಪಾದಗಳನ್ನ ಜೋಡಿಸಿಕೊಂಡು ಸಣ್ಣ ಸಣ್ಣ ಹೆಜ್ಜೆ ಇಟ್ಟು ದೂರ ಬನ್ನಿ. ಎರಡು ಕಾಲಿನ ನಡುವಿನ ಅಂತರ ಹೆಚ್ಚಿದಷ್ಟೂ ಅವುಗಳ ನಡುವಿನ ವೋಲ್ಟೇಜ್ ಹೆಚ್ಚು.

ಹಾಗಾದ್ರೆ ಏನು ಮಾಡೋಣ?

ಲೈನ್ ಅನ್ನೋದನ್ನ ಕನ್ನಡದಿಂದ ಓಡಿಸೋಣ ಅಂತ ನಾನು ಹೇಳ್ತಿಲ್ಲ. ಅದು ಯಾವಾಗಲೋ ನಮ್ಮದಾಗಿದೆ. “ಲೈನಾಗೆ”, “ಲೈನಿಗೆ” ಅಂತ ವಿಭಕ್ತಿ ಹಚ್ಚಿಸಿಕೊಂಡು ಓಡಾಡೋ ಪದವನ್ನ ಪರದೇಶಿ ಅನ್ನೋದಾದ್ರೂ ಹೇಗೆ?

ಆದ್ರೆ ಅದು ಬರೋ ಮುಂಚೆ ಆ ಕೆಲಸಗಳಿಗೆಲ್ಲ ನಮ್ಮ ಹತ್ತಿರ ಬೇರೆ ಬೇರೆ ಪದ ಇದ್ವು, ಈಗಲೂ ಇವೆ. ಹೊಲದಲ್ಲಿ ಬಿತ್ತೋದು ಸಾಲು. ನೋಟ್‌ಬುಕ್ಕಿನಲ್ಲಿ ಹೊಡೆಯೋದು ಗೆರೆ. ಗಣಿತದ್ದು ರೇಖೆ. ಕಂಬದ ಮೇಲಿನದು ತಂತಿ. ರೈಲಿನದು ಹಳಿ. ಕಾಯೋದು ಸರತಿ, ಪಾಳಿ. ಊರಿನದು ಎಲ್ಲೆ, ರಾಜ್ಯದ್ದು ಗಡಿ. ಹಡಗಲಿ ಮಲ್ಲಿಗೆ ಕಟ್ಟೋದು ದಾರ. ಬದುಕೋಕೆ ಹಿಡಿಯೋದು ಕಸುಬು. ಒಂದು ಲೈನ್ ಬಂದು ಹತ್ತು ಪದದ ಜಾಗ ಹಿಡಿದಿದೆ. ಮಾತು ಸಲೀಸಾಯ್ತು ನಿಜ, ಜೊತೆಗೆ ಮಸುಕೂ ಆಯ್ತು. ಹರಟೆ ಹೊಡೆಯುವಾಗ ಮಸುಕಿದ್ರೆ ನಡೆಯುತ್ತೆ, ಒಂದೊಂದು ಸಲ ಅದರಲ್ಲೇ ಮಜಾ. ಕಂಬದ ಹತ್ತಿರ ನಿಂತಾಗ ಮಾತ್ರ ಆ ಹತ್ತು ಪದಗಳನ್ನ ಹೊರಗೆ ತೆಗೀಬೇಕು. ತಂತಿ ಅಂದ್ರೆ ತಂತಿ ಅನ್ನಿ, ಕರೆಂಟ್ ಅಂದ್ರೆ ಕರೆಂಟ್ ಅನ್ನಿ, ಫೀಡರಿಗೆ ಹೆಸರಿದ್ರೆ ಹೆಸರು ಹೇಳಿ.

ಇನ್ನೊಂದು ಅಭ್ಯಾಸವೂ ಬೇಕು. ನಾಳೆ ನೀವು ಅಸಿಸ್ಟೆಂಟ್ ಇಂಜಿನಿಯರ್ ಆಗಿ ಹೋದಾಗ ನಿಮಗಿಂತ ವಯಸ್ಸಾದ ಲೈನ್‌ಮನ್ ನಿಮ್ಮ ಕೈಕೆಳಗೆ ಇರ್ತಾರೆ. ಇಲಾಖೆಯ ಕಾಗದದಲ್ಲಿ ಆ ಹುದ್ದೆ ಈಗ ಪವರ್‌ಮನ್, ಜನರ ಬಾಯಲ್ಲಿ ಇನ್ನೂ ಲೈನ್‌ಮನ್ನೇ. ಅವರು ಹೇಳಿದ್ದನ್ನ ನೀವು ತಿರುಗಿ ಹೇಳಿ, ನೀವು ಹೇಳಿದ್ದನ್ನ ಅವರಿಂದ ತಿರುಗಿ ಹೇಳಿಸಿ. “ಯಾವ ಲೈನಣ್ಣ?” ಅಂತ ಕೇಳೋಕೆ ನಾಚಿಕೆ ಬೇಡ. ಕ್ಲಾಸಿನಲ್ಲಿ ಕೈ ಎತ್ತಿ ಕೇಳಿದ ಅದೇ ಪ್ರಶ್ನೆ ಅದು.

ಹಡಗಲಿ ತಾಲೂಕಿನ ಮೈಲಾರದಲ್ಲಿ ಪ್ರತಿ ವರ್ಷ ಗೊರವಯ್ಯ ಬಿಲ್ಲು ಏರಿ ಕಾರಣಿಕ ನುಡೀತಾರಲ್ಲ, ಅದೂ ಒಂದೇ ಸಾಲು. ಲಕ್ಷಾಂತರ ಜನ ಉಸಿರು ಬಿಗಿಹಿಡಿದು ಕೇಳ್ತಾರೆ. ಕೇಳಿದ ಮೇಲೆ ರೈತ ಅದರಲ್ಲಿ ಮಳೆ ಹುಡುಕ್ತಾನೆ, ವ್ಯಾಪಾರಿ ರೇಟು ಹುಡುಕ್ತಾನೆ, ರಾಜಕೀಯದವರು ಕುರ್ಚಿ ಹುಡುಕ್ತಾರೆ. ಒಂದು ಸಾಲಿಗೆ ಅಷ್ಟು ಅರ್ಥ ಇರೋದೇ ಅದರ ಸೊಗಸು, ವರ್ಷವಿಡೀ ಕಟ್ಟೆ ಮೇಲೆ ಕೂತು ಮಾತಾಡೋಕೆ ವಸ್ತು. ಎಲ್‌ಸಿ ರಿಜಿಸ್ಟರಿನ ಸಾಲು ಆ ಥರ ಇರಬಾರದು. ಓದಿದವರಿಗೆಲ್ಲ ಒಂದೇ ಅರ್ಥ ಸಿಗಬೇಕು.

ನಿಮ್ಮೂರಲ್ಲಿ ಲೈನ್‌ಗೆ ಇನ್ನೂ ಯಾವುದಾದ್ರೂ ಅರ್ಥ ಇದ್ರೆ ಕನ್ನಡ ಬಳಗಕ್ಕೆ ಬರೆದು ಕಳಿಸಿ. ಜೊತೆಗೆ ಆ ಜಾಗದಲ್ಲಿ ನಿಮ್ಮಜ್ಜಿ ಯಾವ ಪದ ಬಳಸ್ತಿದ್ರು ಅಂತಲೂ ಕೇಳಿ ಬರೀರಿ. ಮುಂದಿನ ಸಂಚಿಕೆಗೆ ಪಟ್ಟಿ ಮಾಡೋಣ. ಕಳಿಸೋಕೆ ಡೆಡ್‌ಲೈನ್ ಇಲ್ಲ.